ಆಂಪ್ ಸೌಂಡ್ ಏರಿಸಿದಷ್ಟೂ ಹಾಡು ಯಾಕೆ ಕೇಳಿಸಲ್ಲ? ವೇದಿಕೆ ಮೇಲಿನ ಗಿಟಾರ್‌ಗೆ ಮೈಕ್ ಇಡೋ ಲೆಕ್ಕಾಚಾರ

ಮೈಸೂರು: ದಸರಾ ಹತ್ತಿರ ಬಂತೆಂದರೆ ನಗರದ ಕಾಲೇಜುಗಳಲ್ಲಿ ಗಿಟಾರ್ ಬ್ಯಾಗ್ ಹೆಗಲಿಗೇರಿಸಿಕೊಂಡು ಓಡಾಡುವವರ ಸಂಖ್ಯೆ ಜಾಸ್ತಿಯಾಗುತ್ತೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮದಲ್ಲಿ ಒಂದೊಂದು ತಂಡಕ್ಕೆ ಸಿಗೋದು ಕೆಲವೇ ನಿಮಿಷ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದ್ದೆಲ್ಲ ಅಷ್ಟರೊಳಗೆ ಮೇಲಿನ ಮೆಟ್ಟಿಲಲ್ಲಿ ಕೂತವರ ಕಿವಿಗೂ ಮುಟ್ಟಬೇಕು.

ಆದರೆ ಬ್ಯಾಂಡ್ ವೇದಿಕೆ ಹತ್ತಿದಾಗ ಎಷ್ಟೋ ಸಲ ಆಗೋದೇ ಬೇರೆ. ಮೊದಲ ಸಾಲು ಮುಗಿಯೋದರೊಳಗೆ ಹಿಂದಿನಿಂದ ಯಾರೋ ‘ಗಿಟಾರ್ ಕೇಳಿಸ್ತಿಲ್ಲ’ ಅಂತ ಕೂಗುತ್ತಾರೆ. ಗಿಟಾರ್ ಹುಡುಗ ತಿರುಗಿ ಆಂಪ್‌ನ ವಾಲ್ಯೂಮ್ ಏರಿಸುತ್ತಾನೆ. ಡ್ರಮ್ಮರ್ ಇನ್ನೂ ಜೋರಾಗಿ ಬಡಿಯುತ್ತಾನೆ. ಹಾಡುವ ಹುಡುಗಿಗೆ ತನ್ನ ದನಿಯೇ ಕೇಳದೆ ಕಿರುಚತೊಡಗುತ್ತಾಳೆ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರಿಗೆ ಆಗಲೂ ಗಿಟಾರ್ ಕೇಳಿಸಿರಲ್ಲ. ಎರಡನೇ ಹಾಡಿಗೆ ಮೈಕ್ ಕುಯ್ ಅನ್ನುತ್ತೆ. ಕೊನೆಗೆ ಬೈಗುಳ ತಿನ್ನೋದು ಮಿಕ್ಸರ್ ಮುಂದೆ ಕೂತವನು.

ತಪ್ಪು ಅವನದೇ ಇರಬೇಕೆಂದೇನಿಲ್ಲ. ಗಿಟಾರ್ ಆಂಪ್ ಇರೋದು ಜನರಿಗೆ ಕೇಳಿಸೋಕಲ್ಲ, ನುಡಿಸುವವನಿಗೆ ಕೇಳಿಸೋಕೆ. ಜನರಿಗೆ ಮುಟ್ಟಿಸುವ ಕೆಲಸ ಆಂಪ್ ಮುಂದೆ ಇಟ್ಟ ಮೈಕ್‌ನದ್ದು ಮತ್ತು ವೇದಿಕೆಯ ಎರಡೂ ಬದಿ ನಿಂತಿರುವ ದೊಡ್ಡ ಸ್ಪೀಕರ್‌ಗಳದ್ದು. ಈ ಎರಡು ಕೆಲಸ ಕಲಸಿಹೋದ ಕಡೆ ಹಾಡು ಹಾಳಾಗುತ್ತೆ.

ಮೊಣಕಾಲಿಗೆ ಕೇಳಿಸುವ ಗಿಟಾರ್

ಗಿಟಾರ್ ಆಂಪ್ ಅಂದರೆ ಒಂದು ಮರದ ಪೆಟ್ಟಿಗೆ, ಒಳಗೆ ಸಾಮಾನ್ಯವಾಗಿ 12 ಇಂಚಿನ ಒಂದೋ ಎರಡೋ ಸ್ಪೀಕರ್. ಇದರಿಂದ ಹೊರಡುವ ಗಡಸು ಸದ್ದು ನಾಲ್ಕೂ ಕಡೆ ಸಮವಾಗಿ ಹರಡಲ್ಲ. ಮಂದ್ರದ ಭಾಗ ಸುತ್ತ ಹರಡುತ್ತೆ, ತಾರದ ಭಾಗ ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತೆ. ಆಂಪ್ ನೆಲದ ಮೇಲಿದ್ದು, ಗಿಟಾರಿಸ್ಟ್ ಅದರ ಮುಂದೆ ನಿಂತಿದ್ದರೆ ಆ ಟಾರ್ಚ್ ಬೀಳೋದು ಅವನ ಮೊಣಕಾಲಿಗೆ. ಕಿವಿಗೆ ಮಂಕಾದ ಸದ್ದಷ್ಟೇ ಬರುತ್ತೆ. ಅದಕ್ಕೇ ಅವನು ಟ್ರೆಬಲ್ ತಿರುಗಿಸುತ್ತಾನೆ, ವಾಲ್ಯೂಮ್ ಏರಿಸುತ್ತಾನೆ. ಆ ಚೂಪು ಸದ್ದು ಅವನ ಕಾಲು ದಾಟಿ ಮುಂದಿನ ಸಾಲಿನಲ್ಲಿ ಕೂತವರ ಮುಖಕ್ಕೆ ಹೊಡೆಯುತ್ತೆ.

ಇದಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಆಂಪನ್ನು ಗಟ್ಟಿಯಾದ ಕುರ್ಚಿ ಮೇಲೆ ಇಡಬೇಕು, ಇಲ್ಲವೇ ಮುಂಭಾಗದ ಕೆಳಗೆ ಮರದ ತುಂಡು ಕೊಟ್ಟು ಕಿವಿಯತ್ತ ವಾಲಿಸಬೇಕು. ಜಾಗ ಇದ್ದರೆ ಆಂಪನ್ನು ಜನರ ಕಡೆ ತಿರುಗಿಸದೆ ವೇದಿಕೆಯ ಬದಿಯಿಂದ ಅಡ್ಡಲಾಗಿ ಇಟ್ಟರೆ ಇನ್ನೂ ಒಳ್ಳೇದು. ನುಡಿಸುವವನ ಕಿವಿಗೆ ನೇರ ಬಿದ್ದ ತಕ್ಷಣ ಅವನೇ ಕಮ್ಮಿ ಮಾಡುತ್ತಾನೆ. ಯಾರೂ ಹೇಳಬೇಕಾಗಿಲ್ಲ.

ವಾಲ್ಯೂಮ್ ಏರಿಸಿದರೆ ಹಿಂದಿನವರಿಗೆ ಮುಟ್ಟುತ್ತೆ ಅನ್ನೋದೂ ಲೆಕ್ಕಕ್ಕೆ ನಿಲ್ಲಲ್ಲ. ಬಯಲಿನಲ್ಲಿ ಒಂದು ಸಣ್ಣ ಪೆಟ್ಟಿಗೆಯಿಂದ ಹೊರಟ ಸದ್ದು, ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತೆ. ಆಂಪ್‌ನಿಂದ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಇದ್ದರೆ 2 ಮೀಟರ್‌ಗೆ 94, 4ಕ್ಕೆ 88, 8ಕ್ಕೆ 82, 16ಕ್ಕೆ 76, 32 ಮೀಟರ್‌ಗೆ 70. ಶಿಳ್ಳೆ, ಚಪ್ಪಾಳೆ ಹೊಡೆಯುವ ಜನರ ನಡುವೆ 70 ಡೆಸಿಬಲ್ ಗಿಟಾರ್ ಎಲ್ಲಿ ಕೇಳಿಸುತ್ತೆ? ಇನ್ನು 50 ವಾಟ್ ಆಂಪ್ ಬದಲು 100 ವಾಟ್‌ನದ್ದು ತಂದರೂ ಸಿಗೋದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕೆಂದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ದುಡ್ಡು ಸುರಿದು ದೊಡ್ಡ ಆಂಪ್ ಬಾಡಿಗೆಗೆ ತರುವವರು ಈ ಲೆಕ್ಕ ಒಮ್ಮೆ ನೋಡೋದು ಒಳ್ಳೇದು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಾಡುವವರ ಮೈಕ್‌ಗೆ ಇದು ಗಾಯಕಿ, ಇದು ಗಿಟಾರ್ ಅನ್ನೋ ಭೇದ ಗೊತ್ತಿಲ್ಲ. ಆಂಪ್ ಜೋರಾದಷ್ಟೂ ಗಿಟಾರ್ ಗಾಯಕಿಯ ಮೈಕ್‌ಗೂ ನುಗ್ಗುತ್ತೆ. ಮಿಕ್ಸರ್‌ನಲ್ಲಿ ಗಾಯಕಿಯನ್ನು ಏರಿಸಿದರೆ ಅದರ ಜೊತೆ ಗಿಟಾರೂ ಏರುತ್ತೆ. ಇನ್ನೂ ಏರಿಸಿದರೆ ಅವಳ ಮುಂದಿನ ಮಾನಿಟರ್‌ನ ಸದ್ದು ವಾಪಸ್ ಅದೇ ಮೈಕ್‌ಗೆ ಹೊಕ್ಕು ಕೂಗು ಶುರುವಾಗುತ್ತೆ. ಅಷ್ಟೊತ್ತಿಗೆ ಮಿಕ್ಸರ್‌ನವನ ಕೈಯಲ್ಲಿ ಮಾಡೋಕೆ ಏನೂ ಉಳಿದಿರಲ್ಲ.

ಮೈಸೂರಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಇದೇ ಊರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಗಳನ್ನು ಬ್ಯಾಂಡ್ ಕಟ್ಟಿಕೊಂಡು ಹಾಡಿ ಹೆಸರಾದವರು. ಆ ದಾರಿಯಲ್ಲೇ ವಚನ, ಜನಪದಕ್ಕೆ ಎಲೆಕ್ಟ್ರಿಕ್ ಗಿಟಾರ್ ಕೂಡಿಸುವ ಹುಡುಗರಿಗೂ ಕೊರತೆಯಿಲ್ಲ. ಇಂಗ್ಲಿಷ್ ರಾಕ್ ಹಾಡಿನಲ್ಲಿ ನಾಲ್ಕು ಪದ ನುಂಗಿಹೋದರೂ ಯಾರೂ ಕೇಳಲ್ಲ. ತತ್ವಪದದಲ್ಲಿ ಪದವೇ ಕೇಳದಿದ್ದರೆ ಇನ್ನೇನು ಉಳೀತು?

ಒಂದು ಇಂಚಿನ ಆಟ

ಆಂಪ್ ಮುಂದೆ ಇಡೋಕೆ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರೋದು ಶೂರ್ ಕಂಪನಿಯ ಎಸ್‌ಎಂ 57 ಮೈಕ್. ಬಂದಿದ್ದು 1965ರಲ್ಲಿ, ಆಕಾರ ಇವತ್ತಿಗೂ ಹೆಚ್ಚೂಕಮ್ಮಿ ಅದೇ. ಮರುವರ್ಷ ಬಂದ ಅದರ ತಮ್ಮ ಎಸ್‌ಎಂ 58, ಅಂದರೆ ಹಾಡುವವರ ಕೈಯಲ್ಲಿ ಕಾಣುವ ಗುಂಡು ಜಾಲರಿಯ ಮೈಕ್. 57 ಸಿಗದಿದ್ದರೆ 58 ಇಟ್ಟರೂ ನಡೆಯುತ್ತೆ. ಎರಡೂ ಡೈನಮಿಕ್ ಮೈಕ್‌ಗಳು. ತೆಳು ಪರದೆಗೆ ಅಂಟಿದ ತಂತಿ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ಕರೆಂಟ್ ಹುಟ್ಟಿಸುತ್ತೆ. ಇದಕ್ಕೆ ಹೊರಗಿನ ವಿದ್ಯುತ್ ಬೇಡ. ಆಂಪ್‌ಗೆ ಮೂಗು ತಾಗಿಸಿ ಇಟ್ಟರೂ ಹೆದರಲ್ಲ. ಧೂಳು, ಬೀಳೋದು, ಏಳೋದು ಎಲ್ಲ ತಡೆಯುತ್ತೆ.

ಸೆನ್‌ಹೈಸರ್ ಕಂಪನಿಯ ಚಪ್ಪಟೆ ಮೈಕ್‌ಗಳೂ ಇದಕ್ಕಾಗಿಯೇ ಇವೆ. ಇವನ್ನು ಸ್ಟ್ಯಾಂಡ್ ಇಲ್ಲದೆ ಆಂಪ್ ಮೇಲಿನಿಂದ ಕೇಬಲ್‌ನಲ್ಲೇ ನೇತುಹಾಕಬಹುದು. ಆದರೆ ಇವುಗಳ ಕಿವಿ ಇರೋದು ತುದಿಯಲ್ಲಲ್ಲ, ಚಪ್ಪಟೆ ಮುಖದಲ್ಲಿ. ಗಡಿಬಿಡಿಯಲ್ಲಿ ಬೆನ್ನನ್ನು ಆಂಪ್ ಕಡೆ ಮಾಡಿ ನೇತುಹಾಕಿದರೆ ಗಿಟಾರ್ ಬದಲು ಡ್ರಮ್ ಚೆನ್ನಾಗಿ ಕೇಳಿಸುತ್ತೆ.

ಮೈಕ್ ಯಾವುದು ಅನ್ನೋದಕ್ಕಿಂತ ಎಲ್ಲಿ ಇಡೋದು ಅನ್ನೋದು ಮುಖ್ಯ. ಆಂಪ್‌ನ ಬಟ್ಟೆಯ ಹಿಂದೆ ಸ್ಪೀಕರ್ ಎಲ್ಲಿದೆ ಅಂತ ಮೇಲಿಂದ ಕಾಣಲ್ಲ. ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ನೋಡಿದರೆ ಒಳಗಿನ ಕಾಗದದ ಕೋನ್, ಅದರ ನಡುವೆ ಗುಂಡನೆಯ ಮುಚ್ಚಳ ಕಾಣುತ್ತೆ. ಪೆಟ್ಟಿಗೆಯ ನಡುಮಧ್ಯಕ್ಕೆ ಮೈಕ್ ಇಟ್ಟುಬಿಡುವ ಅಭ್ಯಾಸ ಕೆಲವರಿಗಿದೆ. ಎರಡು ಸ್ಪೀಕರ್ ಇರುವ ಆಂಪ್‌ನಲ್ಲಿ ಅಲ್ಲಿರೋದು ಬರೀ ಹಲಗೆ!

ಮುಚ್ಚಳದ ನಟ್ಟನಡುವೆ ಮೈಕ್ ಹಿಡಿದರೆ ಸದ್ದು ಚೂಪು, ಕಿವಿಗೆ ಸೂಜಿ ಚುಚ್ಚಿದ ಹಾಗೆ. ಅಂಚಿನ ಕಡೆ ಸರಿಸಿದಂತೆಲ್ಲ ಸದ್ದು ದಪ್ಪವಾಗುತ್ತೆ, ಕೊನೆಗೆ ಕಂಬಳಿ ಹೊದಿಸಿದ ಹಾಗೆ ಮಂಕಾಗುತ್ತೆ. ಮುಚ್ಚಳ ಮುಗಿದು ಕೋನ್ ಶುರುವಾಗುವ ಗೆರೆಗೆ ಗುರಿಯಿಟ್ಟು, ಬಟ್ಟೆಯಿಂದ ಒಂದೆರಡು ಇಂಚು ದೂರದಲ್ಲಿ ಮೊದಲು ಇಡಬೇಕು. ಅಲ್ಲಿಂದ ಅರ್ಧರ್ಧ ಇಂಚು ಆಚೀಚೆ ಸರಿಸಿ ಕೇಳಬೇಕು. ಮಿಕ್ಸರ್‌ನಲ್ಲಿ ಹತ್ತು ನಿಮಿಷ ಗುಂಡಿ ತಿರುಗಿಸಿದರೂ ಬಾರದ ಬದಲಾವಣೆ ಇಲ್ಲಿ ಒಂದು ಇಂಚಿನಲ್ಲಿ ಬರುತ್ತೆ.

ದೂರಕ್ಕೂ ಒಂದು ಗುಣವಿದೆ. ಈ ಜಾತಿಯ ಮೈಕ್‌ಗಳನ್ನು ಹತ್ತಿರ ತಂದಷ್ಟೂ ಮಂದ್ರ ಉಬ್ಬುತ್ತೆ. ಗಾಯಕರು ಮೈಕ್‌ಗೆ ತುಟಿ ತಾಗಿಸಿದಾಗ ದನಿ ದಪ್ಪ ಕೇಳಿಸೋದೂ ಇದರಿಂದಲೇ. ಗಿಟಾರ್ ಗುಡುಗುಡು ಅಂದರೆ ಒಂದು ಇಂಚು ಹಿಂದೆ ಎಳೆದು ನೋಡಬೇಕು. ಹಾಗಂತ ಒಂದು ಅಡಿ ಹಿಂದೆ ಹೋದರೆ ಡ್ರಮ್‌ನ ತಾಳದ ತಟ್ಟೆಗಳೆಲ್ಲ ಒಳಗೆ ಬರುತ್ತವೆ. ಸ್ಟುಡಿಯೋದಲ್ಲಿ ನಡೆಯೋದು ವೇದಿಕೆಯಲ್ಲಿ ನಡೆಯಲ್ಲ.

ಇದನ್ನು ಒಬ್ಬನೇ ಮಾಡೋಕಾಗಲ್ಲ. ಆಂಪ್ ಪಕ್ಕ ಕೂತವನಿಗೆ ಕೇಳಿಸೋದು ಆಂಪ್‌ನ ಸದ್ದು, ಮೈಕ್‌ನದ್ದಲ್ಲ. ಒಬ್ಬ ಮೈಕ್ ಸರಿಸಬೇಕು, ಇನ್ನೊಬ್ಬ ಮಿಕ್ಸರ್ ಹತ್ತಿರ ಹೆಡ್‌ಫೋನ್ ಹಾಕಿ ಕೇಳಿ ಕೈ ಮಾಡಬೇಕು, ಗಿಟಾರಿಸ್ಟ್ ನಿಜವಾಗಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತಿರಬೇಕು. ತಂಡದ ಹಿಂದೆ ತಂಡ ಬರುವ ಕಾರ್ಯಕ್ರಮದಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಅಂತ ಕೇಳಬಹುದು. ಎಲ್ಲರಿಗೂ ಒಂದೇ ಆಂಪ್ ಆದರೆ ಬೆಳಿಗ್ಗೆಯೇ ಒಮ್ಮೆ ಮಾಡಿ, ಬಟ್ಟೆಯ ಮೇಲೆ ಮೈಕ್ ಜಾಗಕ್ಕೆ ಒಂದು ಚೂರು ಟೇಪ್, ನೆಲದ ಮೇಲೆ ಸ್ಟ್ಯಾಂಡ್ ಕಾಲಿಗೆ ಮೂರು ಚೂರು ಟೇಪ್ ಅಂಟಿಸಿಬಿಟ್ಟರೆ ಮುಗೀತು. ಯಾರೇ ಎಡವಿ ಬೀಳಿಸಿದರೂ ಹತ್ತು ಸೆಕೆಂಡಿನಲ್ಲಿ ವಾಪಸ್ ಇಡಬಹುದು.

ಒಂದಕ್ಕಿಂತ ಎರಡು ಮೈಕ್ ಇಟ್ಟರೆ ಗಿಟಾರ್ ಇನ್ನೂ ಚೆನ್ನಾಗಿ ಬರಬಹುದು ಅನ್ನೋದು ಸುಳ್ಳು ಆಸೆ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಎರಡನೇ ಮೈಕ್ 34 ಸೆಂಟಿಮೀಟರ್ ಹಿಂದಿದ್ದರೆ ಅದಕ್ಕೆ ಸದ್ದು 1 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತೆ. ಎರಡನ್ನೂ ಕೂಡಿಸಿದಾಗ 500 ಹರ್ಟ್ಜ್ ಸುತ್ತಮುತ್ತ ಒಂದು ಏರುವ ಹೊತ್ತಿಗೆ ಇನ್ನೊಂದು ಇಳಿಯುತ್ತಾ ಪರಸ್ಪರ ಅಳಿಸಿಹಾಕುತ್ತವೆ. ಗಿಟಾರ್‌ನ ಜೀವ ಇರೋ ಜಾಗವೇ ಅದು. ಬಯಲು ವೇದಿಕೆಗೆ ಒಂದೇ ಮೈಕ್, ಸರಿಯಾದ ಜಾಗದಲ್ಲಿ ಇದ್ದರೆ ಸಾಕು.

ಆಂಪ್ ಇಲ್ಲದ ಗಣೇಶನ ಪೆಂಡಾಲ್

ಗಣೇಶನ ಪೆಂಡಾಲ್, ಬಡಾವಣೆಯ ರಾಜ್ಯೋತ್ಸವದ ಆರ್ಕೆಸ್ಟ್ರಾಗಳ ಕತೆ ಬೇರೆ. ಅಲ್ಲಿ ಗಿಟಾರಿಸ್ಟ್ ಕಾಲಡಿ ಒಂದು ಮಲ್ಟಿ ಎಫೆಕ್ಟ್ ಪೆಡಲ್ ಇರುತ್ತೆ, ಅಲ್ಲಿಂದ ಕೇಬಲ್ ನೇರ ಮಿಕ್ಸರ್‌ಗೆ. ಆಂಪೂ ಇಲ್ಲ, ಮೈಕೂ ಇಲ್ಲ. ವೇದಿಕೆ ಮೇಲೆ ಗಲಾಟೆ ಕಮ್ಮಿ, ಹಾಡು ಸ್ಪಷ್ಟ. ನಿಜ ಹೇಳಬೇಕೆಂದರೆ ಸಣ್ಣ ಪೆಂಡಾಲ್‌ಗೆ ಇದೇ ಸರಿಯಾದ ದಾರಿ, ಆಂಪ್ ಇಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳಬೇಕಿಲ್ಲ.

ಆದರೆ ಪೆಡಲ್ ಒಳಗೆ ‘ಕ್ಯಾಬಿನೆಟ್’ ಅನ್ನೋ ಒಂದು ಆಯ್ಕೆ ಇರುತ್ತೆ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಜ್ ಮೇಲಿನ ಸದ್ದನ್ನು ತಾನಾಗೇ ಸೋಸಿಬಿಡುತ್ತೆ. ವೇದಿಕೆಯ ದೊಡ್ಡ ಸ್ಪೀಕರ್ ಸೋಸಲ್ಲ. ನೇರ ಮಿಕ್ಸರ್‌ಗೆ ಹೋಗುವಾಗ ಕ್ಯಾಬಿನೆಟ್ ಆನ್ ಇಲ್ಲದಿದ್ದರೆ ಡಿಸ್ಟಾರ್ಷನ್ ಹಾಕಿದ ತಕ್ಷಣ ಗಿಟಾರ್ ಡಬ್ಬಿಯಲ್ಲಿ ಸಿಕ್ಕಿಹಾಕಿಕೊಂಡ ದುಂಬಿ ಥರ ಆಗುತ್ತೆ. ಅದೇ ಪೆಡಲನ್ನು ಆಂಪ್‌ಗೆ ಸಿಕ್ಕಿಸುವಾಗ ಆಫ್ ಮಾಡಬೇಕು, ಇಲ್ಲದಿದ್ದರೆ ಎರಡು ಸಲ ಸೋಸಿ ಸದ್ದು ಸತ್ತುಹೋಗುತ್ತೆ.

ಪೆಡಲ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ ಅನ್ನೋ ಅಂಗೈ ಅಗಲದ ಡಬ್ಬಿ ಇರಬೇಕು. ಗಿಟಾರ್‌ನ ಸಾದಾ ಕೇಬಲ್ ಉದ್ದವಾದಷ್ಟೂ ಚುರುಕು ಕಳೆದುಕೊಂಡು ಹಮ್ ಅನ್ನೋ ಗೊಣಗಾಟ ಎಳೆದುಕೊಳ್ಳುತ್ತೆ. ಡಿಐ ಬಾಕ್ಸ್ ಅದನ್ನು ಮೈಕ್ ಕೇಬಲ್‌ಗೆ ಹೊಂದುವಂತೆ ಮಾಡಿ ಕಳಿಸುತ್ತೆ. ಅದರ ನಂತರ ಮಿಕ್ಸರ್ ಐವತ್ತು ಮೀಟರ್ ದೂರ ಇದ್ದರೂ ಚಿಂತೆಯಿಲ್ಲ. ಆಂಪ್‌ನ ಹಿಂದಿನ ಸ್ಪೀಕರ್ ಔಟ್ ಅನ್ನೋ ತೂತಿನಿಂದ ಮಾತ್ರ ಮಿಕ್ಸರ್‌ಗೆ ವೈರ್ ಎಳೆಯಬಾರದು. ಅಲ್ಲಿರೋದು ಸ್ಪೀಕರ್ ಅಲ್ಲಾಡಿಸುವಷ್ಟು ಶಕ್ತಿ, ಮಿಕ್ಸರ್‌ನ ಚಾನಲ್ ಸುಟ್ಟುಹೋಗಬಹುದು. ಟ್ಯೂಬ್ ಆಂಪ್ ಆದರೆ ಸ್ಪೀಕರ್ ಕಳಚಿ ಆನ್ ಮಾಡಿದರೆ ಅದರ ಟ್ರಾನ್ಸ್‌ಫಾರ್ಮರ್ರೂ ಹೋಗಬಹುದು.

ಅರ್ತ್ ಪಿನ್ ಮುರಿಯಬೇಡಿ

ಹಮ್ ಸದ್ದಿನ ವಿಷಯ ಇಲ್ಲಿಗೇ ಬಿಡುವಂಥದ್ದಲ್ಲ. ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಕಡೆಯಿಂದ ಕರೆಂಟ್ ಪಡೆದಾಗ 50 ಹರ್ಟ್ಜ್‌ನ ಗುಂಯ್ ಶುರುವಾಗೋದು ಮಾಮೂಲು. ಅದಕ್ಕೆ ಕೆಲವರ ಮದ್ದು ಒಂದೇ: ಆಂಪ್‌ನ ಪ್ಲಗ್‌ನ ಮೂರನೇ ಪಿನ್ ಮುರಿದುಬಿಡೋದು, ಇಲ್ಲವೇ ಎರಡು ಪಿನ್‌ನ ಕನ್ವರ್ಟರ್ ಹಾಕೋದು. ಗುಂಯ್ ನಿಲ್ಲುತ್ತೆ. ಜೊತೆಗೆ ಪ್ರಾಣ ಕಾಯುವ ಒಂದೇ ತಂತಿಯೂ ಹೋಗುತ್ತೆ.

ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಮೈಗೆ ಸೇರಿರುತ್ತವೆ. ಆಂಪ್ ಒಳಗೆ ಏನಾದರೂ ಕೆಟ್ಟು 230 ವೋಲ್ಟ್ ಆ ಮೈಗೆ ತಾಗಿದರೆ, ಅರ್ತ್ ಇದ್ದಾಗ ಫ್ಯೂಸ್ ಹಾರುತ್ತೆ. ಅರ್ತ್ ಇಲ್ಲದಿದ್ದರೆ ಕರೆಂಟ್ ಗಿಟಾರ್ ತಂತಿಯಲ್ಲೇ ಕಾಯುತ್ತಾ ಇರುತ್ತೆ. ನುಡಿಸುವವನ ಎಡಗೈ ತಂತಿ ಮೇಲೆ, ತುಟಿ ಮೈಕ್‌ನ ಜಾಲರಿಗೆ. ದಾರಿ ಅವನ ಮೈಯೊಳಗಿಂದಲೇ. ಸ್ಟೋನ್ ದ ಕ್ರೋಸ್ ಬ್ಯಾಂಡ್‌ನ ಗಿಟಾರಿಸ್ಟ್ ಲೆಸ್ ಹಾರ್ವೇ 1972ರ ಮೇ 3ರಂದು ಬ್ರಿಟನ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಸತ್ತದ್ದು ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ.

ದಸರಾ ಬರೋದು ಹಿಂಗಾರು ಮಳೆಯ ಹೊತ್ತಿಗೆ. ಸಂಜೆ ಒಂದು ಹನಿ ಬಿದ್ದರೆ ವೇದಿಕೆಯ ಹಲಗೆ, ಮ್ಯಾಟ್, ಬರಿಗಾಲು ಎಲ್ಲ ಒದ್ದೆ. ಹಾಗಾಗಿ ಹಾಡುವ ಮುಂಚೆ ಒಂದು ಪರೀಕ್ಷೆ ಕಡ್ಡಾಯ ಆಗಬೇಕು. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕ್ ಜಾಲರಿಗೆ ತಾಗಿಸಬೇಕು. ಸೊನ್ನೆಯ ಆಸುಪಾಸಿನಲ್ಲಿ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವ ತನಕ ಯಾರೂ ಮುಟ್ಟಬಾರದು, ಮುಖ್ಯ ಅತಿಥಿ ಕಾಯುತ್ತಿದ್ದರೂ ಸರಿ. ವೇದಿಕೆಯ ಆಂಪ್, ಪೆಡಲ್, ಮಿಕ್ಸರ್ ಎಲ್ಲಕ್ಕೂ ಒಂದೇ ಬೋರ್ಡ್‌ನಿಂದ ಕರೆಂಟ್ ಕೊಟ್ಟು, ಆ ಬೋರ್ಡ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಗುಂಯ್ ಸದ್ದೂ ಬಹುಪಾಲು ತಾನಾಗೇ ಹೋಗುತ್ತೆ. ಉಳಿದಿದ್ದಕ್ಕೆ ಡಿಐ ಬಾಕ್ಸ್‌ನಲ್ಲೇ ಗ್ರೌಂಡ್ ಲಿಫ್ಟ್ ಅನ್ನೋ ಸ್ವಿಚ್ ಇದೆ. ಅದು ಬಿಡಿಸೋದು ಸಿಗ್ನಲ್‌ನ ಅರ್ತನ್ನು ಮಾತ್ರ, ಕರೆಂಟ್‌ನದ್ದಲ್ಲ.

ಮಿಕ್ಸರ್ ಮುಂದೆ

ಇಷ್ಟು ಸರಿಯಾದ ಮೇಲೆ ಮಿಕ್ಸರ್‌ನಲ್ಲಿ ಮಾಡೋದು ಸ್ವಲ್ಪವೇ. ಮೊದಲು ಗೇನ್. ಗಿಟಾರಿಸ್ಟ್ ತನ್ನ ಅತಿ ಜೋರಿನ ಸೋಲೋ ನುಡಿಸುವಾಗ ಕೆಂಪು ದೀಪ ಹತ್ತದ ಹಾಗೆ ಇಡಬೇಕು. ಸೌಂಡ್ ಚೆಕ್‌ನಲ್ಲಿ ಮೆಲ್ಲಗೆ ನುಡಿಸಿ, ಜನರ ಮುಂದೆ ಏರಿಸುವ ಗಿಟಾರಿಸ್ಟ್‌ಗಳಿಂದಲೇ ಅರ್ಧ ತೊಂದರೆ.

ಆಮೇಲೆ 100 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸಬೇಕು. ಗಿಟಾರ್‌ನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಜ್ ಇದ್ದರೂ, ಆ ಕೆಳಗಿನ ಜಾಗ ಬೇಸ್ ಗಿಟಾರ್ ಮತ್ತು ಡ್ರಮ್‌ಗೆ ಸೇರಿದ್ದು. ಗಿಟಾರ್ ಒಂದನ್ನೇ ಕೇಳಿದರೆ ತೆಳು ಅನ್ನಿಸಬಹುದು, ಬ್ಯಾಂಡ್ ಪೂರ್ತಿ ಸೇರಿದಾಗ ಗೊತ್ತೇ ಆಗಲ್ಲ. 200ರಿಂದ 400ರ ನಡುವೆ ಗೊಜ್ಜಿನ ಹಾಗೆ ಕಲಸಿದ್ದರೆ ಸ್ವಲ್ಪ ಇಳಿಸಬೇಕು.

ಮುಖ್ಯವಾದ ಜಗಳ ನಡೆಯೋದು 2,000ದಿಂದ 4,000 ಹರ್ಟ್ಜ್ ನಡುವೆ. ಗಿಟಾರ್‌ನ ಕಚ್ಚುವ ಗುಣ ಅಲ್ಲೇ ಇದೆ, ಮಾತಿನ ಸ್ಪಷ್ಟತೆಯೂ ಅಲ್ಲೇ ಇದೆ. ಸ್ವರಗಳು ಕೆಳಗಿದ್ದರೂ ಕೇಳಿಸುತ್ತವೆ. ತ ಯಾವುದು ಟ ಯಾವುದು, ಕ ಯಾವುದು ಪ ಯಾವುದು ಅಂತ ಕಿವಿ ಹಿಡಿಯೋದು ಬಹುಪಾಲು ಈ ಪಟ್ಟಿಯಿಂದ. ಅಲ್ಲಿ ಗಿಟಾರನ್ನು 3 ಡೆಸಿಬಲ್ ಇಳಿಸಿದರೆ ಗಾಯಕಿಯ ಫೇಡರ್ ಮುಟ್ಟದೆಯೇ ಹಾಡಿನ ಪದಗಳು ಮೇಲೆ ಬರುತ್ತವೆ. ಗಿಟಾರಿಸ್ಟ್‌ಗೆ ಇದು ಇಷ್ಟವಾಗಲ್ಲ. ಅವನ ಸೋಲೋ ಬಂದಾಗ ವಾಪಸ್ ಕೊಟ್ಟರಾಯಿತು.

ಸೋಲೋ ಬಗ್ಗೆ ಇನ್ನೊಂದು ಮಾತು. ಈಗಾಗಲೇ ಡಿಸ್ಟಾರ್ಷನ್ ತುಂಬಿದ ಸದ್ದಿಗೆ, ಅದಕ್ಕೂ ಮುಂಚೆ ಬೂಸ್ಟ್ ಪೆಡಲ್ ಒತ್ತಿದರೆ ಗರಗರ ಜಾಸ್ತಿಯಾಗುತ್ತೆ, ಸದ್ದು ಏರಲ್ಲ. ಡಿಸ್ಟಾರ್ಷನ್ ತಾನೇ ಸದ್ದನ್ನು ಒತ್ತಿ ಸಪಾಟು ಮಾಡಿರುತ್ತೆ. ಅದಕ್ಕೆ ಮಿಕ್ಸರ್‌ನಲ್ಲಿ ಮತ್ತೆ ಕಂಪ್ರೆಸರ್ ಹಾಕೋದೂ ದಂಡ. ಫೇಡರನ್ನು ಕೈಯಲ್ಲಿ 3-4 ಡೆಸಿಬಲ್ ತಳ್ಳಬೇಕು, ಮುಗಿದ ಕೂಡಲೇ ಇಳಿಸಬೇಕು. ಮಿಕ್ಸರ್‌ನವನಿಗೆ ಸೋಲೋ ಯಾವ ಚರಣದ ನಂತರ ಅಂತ ಕನಸು ಬೀಳಲ್ಲ. ಹಾಡಿನ ಪಟ್ಟಿ ಬರೆದ ಒಂದು ಚೀಟಿ ಅವನ ಕೈಗೆ ಕೊಡುವ ತಂಡ ಅಪರೂಪ, ಆ ಚೀಟಿ ಕೊಟ್ಟವರ ಸೌಂಡ್ ಮಾತ್ರ ಚೆನ್ನಾಗಿ ಬರುತ್ತೆ.

ಯುವ ದಸರಾ 2024ರಲ್ಲಿ ಮಹಾರಾಜ ಕಾಲೇಜು ಮೈದಾನದಿಂದ ಉತ್ತನಹಳ್ಳಿ ಕಡೆಗೆ ಹೋಯಿತು. ಎ.ಆರ್. ರೆಹಮಾನ್, ಇಳಯರಾಜ ಬಂದಿದ್ದು ಅಲ್ಲಿಗೇ. ಅಂಥ ದೊಡ್ಡ ಬಯಲಿನಲ್ಲಿ ವೇದಿಕೆಯ ಆಂಪ್ ಜನರಿಗೆ ಮುಟ್ಟುವ ಪ್ರಶ್ನೆಯೇ ಇಲ್ಲ. 100 ಮೀಟರ್ ಹಿಂದೆ ನಿಂತವನಿಗೆ ಸದ್ದು ಮುಟ್ಟೋಕೇ ಹತ್ತಿರ ಹತ್ತಿರ 0.3 ಸೆಕೆಂಡ್ ಬೇಕು. ಆ ಗಾತ್ರದ ಶೋಗಳಲ್ಲಿ ಎಷ್ಟೋ ಗಿಟಾರಿಸ್ಟ್‌ಗಳು ಕಿವಿಯೊಳಗೆ ಇಯರ್‌ಫೋನ್ ಹಾಕಿ, ಆಂಪ್ ಇಲ್ಲದೆಯೇ ನುಡಿಸುತ್ತಾರೆ.

ಊರೊಳಗಿನ ಕಾರ್ಯಕ್ರಮಕ್ಕೆ ಕಾನೂನಿನ ಗೆರೆಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್. ಧ್ವನಿವರ್ಧಕ ಹಾಕಿದ ಜಾಗದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನು ಮೀರುವಂತಿಲ್ಲ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಂದ್. ವರ್ಷದಲ್ಲಿ 15 ದಿನ ಮೀರದಂತೆ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು. ಪೊಲೀಸರು ಬಂದು ಕಮ್ಮಿ ಮಾಡಿ ಅಂದಾಗ ಮಿಕ್ಸರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸಬಹುದು. ವೇದಿಕೆ ಮೇಲೆ ಅರಚುತ್ತಿರುವ ಆಂಪನ್ನು ಅಲ್ಲಿಂದ ಇಳಿಸೋಕಾಗಲ್ಲ, ಆಗ ಉಳಿಯೋದು ಗಿಟಾರ್ ಒಂದೇ.

ಹಾಡು ಮುಗಿದ ಮೇಲೂ ಒಂದು ಕ್ರಮವಿದೆ. ಗಿಟಾರ್‌ನ ಕೇಬಲ್ ಕೀಳುವ ಮುಂಚೆ ಮಿಕ್ಸರ್‌ನವನಿಗೆ ಕೈ ತೋರಿಸಿ, ಅವನು ಫೇಡರ್ ಇಳಿಸುವ ತನಕ ಕಾಯಬೇಕು. ಇಲ್ಲದಿದ್ದರೆ ಆ ಢಮ್ ಸದ್ದು ಮೈದಾನಕ್ಕೆಲ್ಲ ಕೇಳಿಸುತ್ತೆ. ಆಮೇಲೆ ಆಂಪ್‌ನ ವಾಲ್ಯೂಮ್ ಸೊನ್ನೆ, ನಂತರ ಸ್ವಿಚ್. ಬಟ್ಟೆ ಮೇಲಿನ ಟೇಪ್ ಮಾತ್ರ ಕೀಳಬಾರದು, ಮುಂದಿನ ತಂಡ ಮೆಟ್ಟಿಲ ಹತ್ತಿರ ಕಾಯುತ್ತಾ ನಿಂತಿರುತ್ತೆ.